ಕಪಾಟಿನೊಳಗಿನ ಸಿಲಿಂಡರ್

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೋಟಾರ್‌ಸೈಕಲ್ ತಯಾರಿಕೆಯನ್ನು ಆರಂಭಿಸಿ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ದಿ ಗಾಡಿಗಳು ಮಾಲೀಕರ ಆರೈಕೆಯಿಂದ ಇಂದಿಗೂ ಓಡುತ್ತಿವೆ. ಜಾವಾ ಹೆಸರು 2018ರಲ್ಲಿ ಮರಳಿ ಬಂದರೂ ಹೊಸ ಗಾಡಿಯ ಎಂಜಿನ್ ಬೇರೆ. ಅದರ ಭಾಗಗಳು ಹಳೆಯದಕ್ಕೆ ಒದಗವು.

ಹಳೆಯ ಜಾವಾದ್ದು ಟೂ ಸ್ಟ್ರೋಕ್ ಎಂಜಿನ್. ಪೆಟ್ರೋಲಿಗೆ ಬೆರೆಸುವ ಎಣ್ಣೆ ಕಡಿಮೆಯಾದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಪ್ಲಗ್ಗಿಗೂ ಸೈಲೆನ್ಸರಿಗೂ ಮಸಿ ಕಟ್ಟುತ್ತದೆ. ಮಸಿಯನ್ನು ಕೆರೆದು ತೆಗೆಯುವುದು, ಕಾರ್ಬ್ಯುರೇಟರಿನ ಜೆಟ್ಟನ್ನು ಶುಚಿಗೊಳಿಸುವುದು, ಪಾಯಿಂಟಿನ ಅಂತರವನ್ನು ಹೊಂದಿಸುವುದು, ಇವೆಲ್ಲ ಮನೆಯಂಗಳದಲ್ಲೇ ಆಗುವ ಕೆಲಸಗಳು. ಇಲ್ಲಿ ಮಿತವೇ ಹಿತ.

ಕಠಿಣವಾದ ಪರೀಕ್ಷೆ ಬಿಡಿಭಾಗಗಳದ್ದು. ಸವೆದ ಸಿಲಿಂಡರನ್ನು ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಿಸಬಹುದು. ಆದರೆ ಅದಕ್ಕೂ ಒಂದು ಮಿತಿಯಿದೆ. ನಿವೃತ್ತ ಉಪಾಧ್ಯಾಯರೊಬ್ಬರ ಜಾವಾ ಆ ಮಿತಿಯನ್ನು ಮುಟ್ಟಿತ್ತು. ಮುಂದಿನ ದಿನಕ್ಕೆಂದು ಅವರು ಎರಡು ಮೂಲ ಸಿಲಿಂಡರುಗಳನ್ನು ಕಪಾಟಿನಲ್ಲಿ ಕಾದಿರಿಸಿದ್ದರು. ತಂದೆಯ ಗಾಡಿಯನ್ನು ಮತ್ತೆ ಓಡಿಸಬೇಕೆಂದು ಸಿಲಿಂಡರಿಗಾಗಿ ಅಲೆಯುತ್ತಿದ್ದ ತರುಣನೊಬ್ಬ ಅವರಲ್ಲಿಗೆ ಬಂದನು. ಅಂದು ಅವರು ಇಲ್ಲವೆಂದುಬಿಟ್ಟರು. ಇಲ್ಲವೆಂದದ್ದು ಸುಳ್ಳೆಂಬುದು ರಾತ್ರಿಯೆಲ್ಲ ಅವರನ್ನು ಕಾಡಿತು. ಮರುದಿನ ಅವನನ್ನು ಕರೆಸಿ, ನಿಜವನ್ನು ಹೇಳಿ, ಒಂದನ್ನು ತಾವು ಕೊಂಡ ಬೆಲೆಗೇ ಕೊಟ್ಟರು.

ಒಂದೇ ಗಾಡಿಗೆ ಒಂದು ಸಿಲಿಂಡರ್ ಸಾಕು, ಇನ್ನೊಂದು, ಆಪತ್ತಿಗೆ. ಅದಕ್ಕೆ ಮೀರಿದ್ದು ಎಚ್ಚರಿಕೆಯ ವೇಷ ತೊಟ್ಟ ಲೋಭ. ವಸ್ತುವನ್ನು ಪ್ರೀತಿಸುವವರು ತಮ್ಮ ತಮ್ಮ ಕಪಾಟುಗಳನ್ನೊಮ್ಮೆ ತೆರೆದು ನೋಡುವುದು ಒಳಿತು.