ಬೀಟ್‌ರೂಟಿನ ಕೆಂಪು

ನಾಗಪುರಕ್ಕೆ ವರ್ಗವಾಗಿ ಬಂದ ಮೇಲೆ ನಾವು ತರ್ರಿ ಪೋಹೆಯ ದಾಸರಾಗಿದ್ದೆವು. ಕಳೆದ ವರ್ಷ ಕಚೇರಿಯ ವಾರ್ಷಿಕ ತಪಾಸಣೆಯಲ್ಲಿ, ಯಕೃತ್ತಿನಲ್ಲಿ ಕೊಬ್ಬು ಸೇರಿದೆ, ಮೊದಲ ಹಂತ ಎಂಬ ಸ್ಕ್ಯಾನಿಂಗ್ ವರದಿ ಬಂತು. ಮರುದಿನವೇ ನಮ್ಮಾಕೆ ಗೋಕುಳಪೇಠದ ಮಾರುಕಟ್ಟೆಯಿಂದ ಬೀಟ್‌ರೂಟ್ ತಂದು, ಪ್ರತಿ ಬೆಳಗ್ಗೆ ಒಂದು ಲೋಟ ರಸ ಕೈಗಿಡತೊಡಗಿದರು. ಮೂರನೆಯ ದಿನ ಮೂತ್ರ ಕೆಂಪಾದುದನ್ನು ಕಂಡು ನಾವು ಬೆವತದ್ದು ನಿಜ. ಅದು ರಕ್ತವಲ್ಲ, ಗಡ್ಡೆಯ ಬಣ್ಣ. ಕೆಲವರಲ್ಲಿ ಹಾಗೆಯೇ ಹೊರಬೀಳುತ್ತದೆ.

ನಮ್ಮ ಭಯದ ಬೇರು ಬೇರೆಡೆ ಇತ್ತು. ಗದಗ ಜಿಲ್ಲೆಯ ಹಳ್ಳಿಯಲ್ಲಿ ಶಾಲಾ ಮಾಸ್ತರರಾಗಿದ್ದ ನಮ್ಮ ತಂದೆ ಸಿರೋಸಿಸ್‌ನಿಂದ ತೀರಿಕೊಂಡರು. ಮಧುಮೇಹವಿತ್ತು, ಮದ್ಯ ಮುಟ್ಟಿದವರಲ್ಲ. ಊರು ಮಾತ್ರ ಪಿಸುಗುಟ್ಟಿತು. ಎಂ.ಎ. ಓದಿದ ನಾವೂ ಒಂದು ಮಧ್ಯಾಹ್ನ, ತಾಯಿ ಇಲ್ಲದ ಹೊತ್ತು ನೋಡಿ, ಅವರ ಟ್ರಂಕನ್ನು ತಡಕಿದ್ದೆವು. ಸಿಕ್ಕಿದ್ದು ಪಿಂಚಣಿ ಕಾಗದಗಳು.

1980ರಲ್ಲೇ ಅಮೆರಿಕದ ಮೇಯೋ ಕ್ಲಿನಿಕ್‌ನ ಯೂರ್ಗೆನ್ ಲುಡ್ವಿಗ್ ಮತ್ತು ಸಂಗಡಿಗರು, ಕುಡಿತದ ಹಿನ್ನೆಲೆಯಿಲ್ಲದ 20 ರೋಗಿಗಳ ಯಕೃತ್ತಿನಲ್ಲಿ ಕುಡುಕರದರಂಥದೇ ಹಾನಿ ಕಂಡು ಅದಕ್ಕೊಂದು ಹೆಸರಿಟ್ಟಿದ್ದರು. ಬೊಜ್ಜು, ಮಧುಮೇಹಗಳೇ ಅದರ ಒಡನಾಡಿಗಳು. ಇದನ್ನು ನಾವು ಓದಿದ್ದು ನಮ್ಮ ವರದಿ ಬಂದ ಮೇಲೆ.

ಬೀಟ್‌ರೂಟಿನ ವಿಷಯಕ್ಕೆ ಬಂದರೆ, ಅದರ ಕೆಂಪು ಬಣ್ಣವೂ ಅದರಲ್ಲಿರುವ ಬೀಟೇನ್ ಎಂಬ ವಸ್ತುವೂ ಇಲಿಗಳ ಯಕೃತ್ತಿಗೆ ಒಳಿತು ಮಾಡಿದ ಪ್ರಯೋಗಗಳು ಹಲವು. ಮನುಷ್ಯರಲ್ಲಿ ಆಧಾರ ತೆಳು. ಬೀಟೇನನ್ನೇ ವರ್ಷವಿಡೀ ರೋಗಿಗಳಿಗೆ ಕೊಟ್ಟು ನೋಡಿದ, 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಯಕೃತ್ತಿನ ಕೊಬ್ಬು ಕರಗಲಿಲ್ಲ. ನಮ್ಮ ವೈದ್ಯರು ರಸವನ್ನು ಬೇಡವೆನ್ನಲಿಲ್ಲ. ನಾರು ಸೋಸಿಹೋಗುವುದರಿಂದ ಪಲ್ಯವೇ ಮೇಲು, ಮೂತ್ರಪಿಂಡದಲ್ಲಿ ಕಲ್ಲಿದ್ದವರು ಹುಷಾರಾಗಿರಬೇಕು ಎಂದರು. ದೇಹದ ತೂಕದಲ್ಲಿ ನೂರಕ್ಕೆ ಏಳರಿಂದ ಹತ್ತು ಪಾಲು ಇಳಿಸಿ, ಉಳಿದದ್ದು ಆಮೇಲೆ ಎಂದೂ ಸೇರಿಸಿದರು. ಲೋಟ ಎತ್ತುವುದು ಸುಲಭ, ಪೋಹೆಯ ತಟ್ಟೆ ಕೆಳಗಿಡುವುದು ಕಷ್ಟ. ಆರು ತಿಂಗಳಲ್ಲಿ ನಾಲ್ಕು ಕಿಲೋ ಇಳಿದಿದೆ, ಅಷ್ಟೇ.

ಊರಿಗೆ ಫೋನು ಮಾಡಿ ಎಲ್ಲವನ್ನೂ ತಾಯಿಗೆ ಹೇಳಿದೆವು, ಟ್ರಂಕಿನ ಸಂಗತಿಯನ್ನೂ. ಸ್ವಲ್ಪ ಹೊತ್ತು ಮಾತಿಲ್ಲ.

“ನೀ ಟ್ರಂಕ್ ತಗದದ್ದು ನನಗ ಅವತ್ತ ಗೊತ್ತಾಗಿತ್ತಪಾ,” ಎಂದರು. “ಅರಿವಿ ಮಡಿಚಿದ್ದು ಬ್ಯಾರೆ ಥರ ಇತ್ತು.”