ಎರಡು ಅಂಕಣಗಳು

ಕಳೆದ ಮಾಘಮಾಸದಲ್ಲಿ, ತೊಗರಿಯ ರಾಶಿಯ ಕೆಲಸ ಮುಗಿದು ಊರೆಲ್ಲ ವಿರಾಮವಾಗಿದ್ದ ಒಂದು ಮಧ್ಯಾಹ್ನ, ಕಲಬುರ್ಗಿಯಿಂದ ಕ್ರಿಕೆಟ್ ಆಟದ ಶಿಕ್ಷಕರೊಬ್ಬರು ನಮ್ಮ ಮನೆಗೆ ದಯಮಾಡಿಸಿದರು. ಪಾಠಶಾಲೆಯಲ್ಲಿ ಕೌಮುದಿಯನ್ನೂ ಕಾವ್ಯಗಳನ್ನೂ ಓದಿ, ಬಳಿಕ ಮೂವತ್ತು ವರ್ಷಗಳಿಗೂ ಮಿಕ್ಕು ಮಕ್ಕಳಿಗೆ ವಿಭಕ್ತಿಪ್ರತ್ಯಯಗಳನ್ನು ಬಾಯಿಪಾಠ ಮಾಡಿಸಿದ ನನ್ನಂಥವನಲ್ಲಿ ಇವರಿಗೇನು ಕೆಲಸವೆಂದು ನನಗೆ ಆಶ್ಚರ್ಯವಾಯಿತು.

ಅವರು ಬಂದುದು ನನ್ನ ಹಳೆಯ ಶಿಷ್ಯನೊಬ್ಬನ ವಿಷಯವಾಗಿ. ಚಂದ್ರಂಪಳ್ಳಿಯ ಜಲಾಶಯದ ಸಮೀಪದ ತಾಂಡೆಯ ಹುಡುಗ. ಈಗ ಕಾಲೇಜಿನಲ್ಲಿ ಓದುತ್ತಿರುವನು. ಲೆಗ್ ಸ್ಪಿನ್ ಚೆಂಡನ್ನು ಎಸೆಯುವವನು. “ಗುರುಗಳೆ, ಅಭ್ಯಾಸದಲ್ಲಿ ಇವನ ಚೆಂಡನ್ನು ಮುಟ್ಟುವವರಿಲ್ಲ. ಪಂದ್ಯದಲ್ಲಿ ಇವನನ್ನು ಹೊಡೆಯದವರಿಲ್ಲ. ಆರು ಪಂದ್ಯಗಳಲ್ಲಿ ಮೂರೇ ವಿಕೆಟ್ಟು. ಆಯ್ಕೆಗೆ ಇವನ ಹೆಸರನ್ನು ಕಳಿಸಲೋ ಬೇಡವೋ ತಿಳಿಯದು. ಬಾಲ್ಯದಿಂದ ಬಲ್ಲವರು ತಾವು, ಹುಡುಗನ ಸ್ವಭಾವ ಎಂಥದು, ಒಂದು ಮಾತು ಬರೆದುಕೊಡಿ” ಎಂದರು. ಗುಲಬರ್ಗಾ ಮಿಸ್ಟಿಕ್ಸ್ ಎಂಬ ತಂಡವು 2022ರಲ್ಲಿ ಮಹಾರಾಜ ಟ್ರೋಫಿಯನ್ನು ಗೆದ್ದಂದಿನಿಂದ ನಮ್ಮ ಸೀಮೆಯ ಹುಡುಗರಿಗೆ ಈ ಆಟದಲ್ಲಿ ಹೊಸದೊಂದು ಆಸೆ ಹುಟ್ಟಿರುವುದನ್ನು ನಾನು ಬಲ್ಲೆನು. ಆದಕಾರಣ ಆ ‘ಒಂದು ಮಾತು’ ಎಷ್ಟು ಭಾರವಾದುದೆಂಬುದೂ ನನಗೆ ತಿಳಿದಿತ್ತು.

ಆ ಭಾರಕ್ಕೆ ಬೇರೊಂದು ಕಾರಣವೂ ಉಂಟು. ಅದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ. ನಾನು ಉದ್ಯೋಗಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಒಬ್ಬ ಬಾಲಕನಿದ್ದನು. ಹೇಳಿಕೊಟ್ಟ ಶ್ಲೋಕವನ್ನು ಎರಡೇ ಸಲಕ್ಕೆ ಒಪ್ಪಿಸುವನು. ಪರೀಕ್ಷೆಯಲ್ಲಿ ಮಾತ್ರ ಅರ್ಧ ಕಾಗದ ಬರೆದು ಮೇಜಿನ ಮೇಲೆ ತಲೆಯಿಟ್ಟು ನಿದ್ರಿಸುವನು. ನಾನು ಪ್ರಗತಿಪತ್ರದಲ್ಲಿ “ಬುದ್ಧಿಯುಂಟು, ಸೋಮಾರಿ” ಎಂದು ಬರೆದೆನು. ಅದನ್ನು ಯಾರಿಂದಲೋ ಓದಿಸಿ ಕೇಳಿದ ಅವನ ತಂದೆಯು ಮರುವರ್ಷ ಅವನನ್ನು ಶಾಲೆಗೆ ಕಳಿಸಲಿಲ್ಲ. ಶಹಾಬಾದದ ಕಲ್ಲಿನ ಗಣಿಗೆ ಕಳಿಸಿದನು. ಆ ದಿನಗಳಲ್ಲಿ ಹುಡುಗನು ರಾತ್ರಿಯೆಲ್ಲ ಹೊಲ ಕಾಯುತ್ತಿದ್ದನೆಂಬ ಸಂಗತಿಯು ನನಗೆ ಬಹುಕಾಲದ ಮೇಲೆ ತಿಳಿಯಿತು. ಬರೆದ ಎರಡು ಶಬ್ದಗಳಲ್ಲಿ ಮೊದಲನೆಯದನ್ನು ತಂದೆಯು ಕೇಳಲಿಲ್ಲ. ಎರಡನೆಯದನ್ನು ನಾನು ವಿಚಾರಿಸಿರಲಿಲ್ಲ.

ಆದುದರಿಂದ ಈ ಸಾರಿ ನೋಡದೆ ಬರೆಯಲಾರೆನೆಂದು ಹೇಳಿ, ಮರುವಾರ ಕಲಬುರ್ಗಿಗೆ ಹೋಗಿ, ಒಂದು ದಿನ ಅಭ್ಯಾಸವನ್ನೂ ಮತ್ತೊಂದು ದಿನ ಪಂದ್ಯವನ್ನೂ ನೋಡಿದೆನು. ನನ್ನಂಥ ಅಜ್ಞನ ಕಣ್ಣಿಗೂ ಒಂದು ಭೇದ ಕಾಣಿಸಿತು. ಅಭ್ಯಾಸದಲ್ಲಿ ಅವನ ಚೆಂಡು ಬ್ಯಾಟುಗಾರನ ಕಣ್ಣಿಗಿಂತ ಮೇಲಕ್ಕೆ ಏರಿ, ತಡೆದು ಇಳಿದು, ನೆಲ ಮುಟ್ಟಿದೊಡನೆ ಪಕ್ಕಕ್ಕೆ ತಿರುಗುತ್ತಿತ್ತು. ಪಂದ್ಯದಲ್ಲಿ ಅದೇ ಕೈಯಿಂದ ಹೊರಟ ಚೆಂಡು ಬಾಣದಂತೆ ನೇರವಾಗಿ, ವೇಗವಾಗಿ ಹೋಗುತ್ತಿತ್ತು. ತಿರುಗುವುದಕ್ಕೆ ಅದಕ್ಕೆ ಅವಕಾಶವೇ ಇರಲಿಲ್ಲ. ಸಂಜೆ ಹುಡುಗನನ್ನು ಕರೆದು ಕೇಳಿದೆನು. ಅವನು ನೆಲ ನೋಡುತ್ತ, “ಸರ, ನೆಟ್ಟಿನಾಗ ಯಾರೂ ಲೆಕ್ಕ ಬರಕೊಳ್ಳಂಗಿಲ್ಲರಿ. ಮ್ಯಾಚಿನಾಗ ಒಂದು ಸಿಕ್ಸ್ ಹೋತಂದ್ರ ಮುಂದಿನ ಓವರ್ ಕೊಡಂಗಿಲ್ಲರಿ” ಎಂದನು.

ಈ ಉತ್ತರವು ನನ್ನನ್ನು ಯೋಚನೆಗೆ ಹಚ್ಚಿತು. ಅಮೆರಿಕ ದೇಶದ ಬೇಸ್‌ಬಾಲ್ ಆಟದಲ್ಲಿ ಶಾಲಾ ಕಾಲೇಜುಗಳ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿಯು 1965ರಿಂದ ನಡೆದುಬಂದಿದೆ. ಅಲ್ಲಿಯ ಪರೀಕ್ಷಕರು ಒಬ್ಬೊಬ್ಬನ ಒಂದೊಂದು ಗುಣಕ್ಕೂ 20ರಿಂದ 80ರವರೆಗೆ ಅಂಕ ಕೊಡುವರು. 50 ಎಂದರೆ ಅಲ್ಲಿಯ ಶ್ರೇಷ್ಠ ಲೀಗಿನ ಸಾಧಾರಣ ಆಟಗಾರನ ಮಟ್ಟ. ನನಗೆ ಹಿಡಿಸಿದ ಸಂಗತಿ ಇದಲ್ಲ. ಒಂದೇ ಗುಣಕ್ಕೆ ಅವರು ಎರಡು ಅಂಕಗಳನ್ನು ಬರೆಯುವರು: ಇಂದು ಇರುವುದಕ್ಕೆ ಒಂದು, ಮುಂದೆ ಆಗಬಹುದಾದುದಕ್ಕೆ ಇನ್ನೊಂದು. ನನ್ನ ಸೇವಾವಧಿಯಲ್ಲೆಲ್ಲ ನಾನು ತುಂಬಿದುದು ಮೊದಲನೆಯ ಅಂಕಣವೊಂದನ್ನೇ.

ಹಾಗೆಂದು ಎರಡನೆಯ ಅಂಕಣವು ಸುಳ್ಳಾಡದೆಂದು ಯಾರೂ ತಿಳಿಯಬಾರದು. 1991ರಲ್ಲಿ ಎಲ್ಲರಿಗಿಂತ ಮೊದಲು ಆರಿಸಲ್ಪಟ್ಟ ಬ್ರಿಯನ್ ಟೇಲರನು 1993ರ ಕೊನೆಯಲ್ಲಿ ಒಂದು ಜಗಳದಲ್ಲಿ ಭುಜಕ್ಕೆ ಗಾಯ ಮಾಡಿಕೊಂಡು, ಆ ಶ್ರೇಷ್ಠ ಲೀಗನ್ನು ಮುಟ್ಟಲೇ ಇಲ್ಲ. 1988ರಲ್ಲಿ 62ನೆಯ ಸುತ್ತಿನಲ್ಲಿ, ಕುಟುಂಬದ ಸ್ನೇಹಿತರ ದಾಕ್ಷಿಣ್ಯಕ್ಕಾಗಿ ಆರಿಸಲ್ಪಟ್ಟ ಮೈಕ್ ಪಿಯಾಜನು 2016ರಲ್ಲಿ ಆ ಆಟದ ಕೀರ್ತಿಮಂದಿರವನ್ನು ಸೇರಿದನು. ನಮ್ಮ ಕರ್ನಾಟಕದವರೇ ಆದ ಕೆ. ಸಿ. ಕಾರಿಯಪ್ಪನವರೂ ಲೆಗ್ ಸ್ಪಿನ್ನಿನವರು. 2015ರ ಐಪಿಎಲ್ ಹರಾಜಿನಲ್ಲಿ 10 ಲಕ್ಷ ರೂಪಾಯಿಯ ಮೂಲಬೆಲೆಯಿಂದ ಆರಂಭವಾದ ಕೂಗು ಅವರ ಹೆಸರಿನಲ್ಲಿ 2.40 ಕೋಟಿಗೆ ನಿಂತಿತು. ಆ ವರ್ಷ ಅವರು ಆಡಿದುದು ಒಂದೇ ಪಂದ್ಯ. ಬೆಲೆಯು ಕೊಳ್ಳುವವನ ಆಸೆಯನ್ನು ತೋರಿಸಬಹುದು. ಆಳಿನ ಅಳತೆಯನ್ನು ತೋರಿಸಲಾರದು.

ಕರುಣ್ ನಾಯರರ ಕಥೆಯನ್ನು ನೋಡಿರಿ. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡಿನ ವಿರುದ್ಧ ಔಟಾಗದೆ 303 ಓಟಗಳನ್ನು ಗಳಿಸಿದವರು, ಮರುವರ್ಷವೇ ಭಾರತ ತಂಡದಿಂದ ಹೊರಗಾದರು. ಮುಂದೆ ಕರ್ನಾಟಕದ ತಂಡದಲ್ಲಿಯೂ ಸ್ಥಾನ ತಪ್ಪಿತು. ತನಗೆ ಇನ್ನೊಂದು ಅವಕಾಶ ಬೇಕೆಂದು ಅವರು 2022ರಲ್ಲಿ ಕ್ರಿಕೆಟ್ಟನ್ನೇ ಸಂಬೋಧಿಸಿ ಬೇಡಿಕೊಂಡರು. ವಿದರ್ಭಕ್ಕೆ ಹೋಗಿ, 2024–25ರ ವಿಜಯ್ ಹಜಾರೆ ಪಂದ್ಯಗಳಲ್ಲಿ 779 ಓಟಗಳನ್ನು ಹೊಡೆದು, ಎಂಟು ವರ್ಷಗಳ ಬಳಿಕ 2025ರಲ್ಲಿ ಮರಳಿ ಭಾರತಕ್ಕಾಗಿ ಟೆಸ್ಟ್ ಆಡಿದರು. ಇಂಗ್ಲೆಂಡಿನ ಆ ಪ್ರವಾಸದಲ್ಲಿ ಒಂದು ಅರ್ಧಶತಕವಷ್ಟೇ ಬಂದಿತು. ಮುಂದಿನ ಸರಣಿಗೆ ಮತ್ತೆ ಕೈಬಿಟ್ಟರು. ಇಲ್ಲಿ ಪರೀಕ್ಷಕರದು ತಪ್ಪೆನ್ನೋಣವೆ? ಅಂಕಗಳು ಅಂಕಗಳೇ. ಆದರೆ ನಡುವಿನ ಆ ಎಂಟು ವರ್ಷಗಳನ್ನು ಯಾವ ಅಂಕಣದಲ್ಲಿ ಬರೆಯಬೇಕೆಂಬುದು ನನಗೆ ಇಂದಿಗೂ ತೋಚಿಲ್ಲ.

ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಹೆಚ್ಚಿನವರೆಂದು ಜಗಳಾಡುತ್ತಾರೆ. ಅವರವರ ಶಿಷ್ಯೆಯರ ಪ್ರಯೋಗವನ್ನು ನೋಡಿಯೇ ಅದನ್ನು ತೀರ್ಮಾನಿಸಬೇಕೆಂದಾಗುತ್ತದೆ. ಕುಣಿಯುವವಳು ಮಾಲವಿಕೆಯಾದರೂ ಪರೀಕ್ಷೆಗೆ ಒಳಗಾದವನು ಗುರು. ಪಾಠಶಾಲೆಯಲ್ಲಿ ಇದನ್ನು ಹಾಸ್ಯವೆಂದು ಓದಿ ನಕ್ಕಿದ್ದೆವು. ಕಲಬುರ್ಗಿಯ ಮೈದಾನದಲ್ಲಿ ಕುಳಿತಾಗ ನಗು ಬರಲಿಲ್ಲ. ಲೆಗ್ ಸ್ಪಿನ್ ಎಂಬುದು ಹೊಡೆಸಿಕೊಂಡು ಕಲಿಯುವ ವಿದ್ಯೆಯಂತೆ. ಹೊಡೆಸಿಕೊಂಡೊಡನೆ ಚೆಂಡನ್ನು ಕಸಿದುಕೊಂಡರೆ ಹುಡುಗನು ಕಲಿಯುವುದು ಅಂಜಿಕೆಯೊಂದನ್ನೇ.

ನಾನು ಕಾಗದವನ್ನು ಹೀಗೆ ಬರೆದೆನು. ಎಡಕ್ಕೆ: “ಇಂದಿನ ಪಂದ್ಯದಲ್ಲಿ ಸ್ಥಾನಕ್ಕೆ ಯೋಗ್ಯನಲ್ಲ. ಪೆಟ್ಟಿಗೆ ಅಂಜುತ್ತಾನೆ. ಇದು ದೋಷವೇ.” ಬಲಕ್ಕೆ: “ಚೆಂಡು ತಿರುಗಿಸುವ ಕೈ ಅಪರೂಪದ್ದು. ನಸುಕಿನಲ್ಲಿ ಬಸ್ಸು ಹಿಡಿದು ಬಂದು ದಿನವೂ ಅಭ್ಯಾಸ ಮಾಡುವನು. ಸೋಮಾರಿಯಲ್ಲ, ಇದನ್ನು ವಿಚಾರಿಸಿ ಬರೆದಿದ್ದೇನೆ. ಮೂರು ಪಂದ್ಯಗಳಲ್ಲಿ, ಎಷ್ಟೇ ಹೊಡೆಸಿಕೊಂಡರೂ ತೆಗೆಯದೆ, ನಾಲ್ಕು ನಾಲ್ಕು ಓವರು ಕೊಟ್ಟು ನೋಡಬೇಕು. ಆಮೇಲೂ ಆಗದಿದ್ದರೆ ಅವನಿಗೇ ತಿಳಿಸಿ ಹೇಳಬೇಕು.”

ಶಿಕ್ಷಕರು ಓದಿ ನಿಟ್ಟುಸಿರುಬಿಟ್ಟರು. “ಗುರುಗಳೆ, ಮೂರು ಪಂದ್ಯ ಸೋತರೆ ನನ್ನನ್ನೇ ಕೇಳುವರು” ಎಂದರು. ಅವರ ಮಾತೂ ನಿಜವೇ. ಕಡೆಗೆ ಎರಡು ಪಂದ್ಯಗಳಿಗೆ ಒಪ್ಪಿದರು. ಮೊದಲನೆಯದರಲ್ಲಿ ಹುಡುಗನು ನಾಲ್ಕು ಓವರುಗಳಲ್ಲಿ 46 ಓಟ ಕೊಟ್ಟನು, ವಿಕೆಟ್ಟಿಲ್ಲ. ಎರಡನೆಯದರಲ್ಲಿ 31 ಕೊಟ್ಟು ಎರಡು ವಿಕೆಟ್ಟು ಪಡೆದನು, ತಂಡವು ಸೋತಿತು. ಆಯ್ಕೆಯ ಪಟ್ಟಿಯಲ್ಲಿ ಅವನ ಹೆಸರು ಬರಲಿಲ್ಲ.

ಆ ಸುದ್ದಿಯನ್ನು ತಿಳಿಸಲು ಅವನು ತಾನೇ ನಮ್ಮ ಮನೆಗೆ ಬಂದನು. ಸಮಾಧಾನದ ಮಾತು ಹೇಳಬೇಕೆಂದಿದ್ದೆನು. ಅದರ ಬದಲು ಕಾಗದದ ಪ್ರತಿಯನ್ನು ಅವನ ಕೈಗೆ ಕೊಟ್ಟೆನು. ಎರಡೂ ಅಂಕಣಗಳನ್ನು ನಿಧಾನವಾಗಿ ಓದಿದನು. ಎಡಗಡೆಯದನ್ನು ಎರಡು ಸಲ ಓದಿದನು. “ಖರೇ ಅದರಿ ಸರ” ಎಂದನು. ಮುಂದಿನ ಆಯ್ಕೆಗೆ ಇನ್ನೂ ಕೆಲವು ತಿಂಗಳುಂಟು. ಈಗ ಪ್ರತಿ ರವಿವಾರ ಅವನು ಊರ ಬಯಲಿನಲ್ಲಿ ಗೆಳೆಯರಿಗೆ ಚೆಂಡೆಸೆಯುವನು. ಅವನ ಕೋರಿಕೆಯಂತೆ ನಾನು ಬೇವಿನ ನೆರಳಿನಲ್ಲಿ ಹಳೆಯ ಹಾಜರಿಪುಸ್ತಕವನ್ನು ಹಿಡಿದು ಕುಳಿತು, ಅವನು ಕೊಟ್ಟ ಓಟಗಳನ್ನು ಒಂದೂ ಬಿಡದೆ ಬರೆದುಕೊಳ್ಳುತ್ತೇನೆ.