ಅಜ್ಜಯ್ಯನ ಬೀಡಿ, ನನ್ನ ಬೂಟು

ಗಣೇಶನ ಹಬ್ಬಕ್ಕೆಂದು ದೇವರಾಜ ಮಾರುಕಟ್ಟೆಯಿಂದ ತಂದ 21 ಪತ್ರೆಯ ಕಟ್ಟು ಬಿಚ್ಚಿದರೆ, ಬಿಲ್ವ, ಬನ್ನಿ, ಗರಿಕೆಗಳ ನಡುವೆ ಉಮ್ಮತ್ತದ ಎಲೆಯೊಂದು ಬಾಡಿಕೊಂಡು ಕೂತಿತ್ತು. “ವಿಷದ್ದು, ಮಕ್ಕಳ ಕೈಗೆ ಸಿಗದ ಹಾಗೆ ಇಡಿ” ಅಂದಳು ಹೆಂಡತಿ. ನನಗೆ ಅಜ್ಜಯ್ಯನ ಬೀಡಿ ನೆನಪಾಯಿತು. ನಮ್ಮ ಮನೆತನದ ಗದ್ದೆ ತೋಟವೆಲ್ಲ ಪಾಲಾಗುತ್ತ ಪಾಲಾಗುತ್ತ ಅಂಗೈಯಗಲವಾಗಿದೆ. ಉಬ್ಬಸ ಮಾತ್ರ ಯಾರ ಪಾಲಿಗೂ ಹೋಗದೆ ಇಡಿಯಾಗಿ ನನಗೇ ಉಳಿದಿದೆ.

ಅಂಥ ನಾನು ಈಗ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಬೆಳಬೆಳಗ್ಗೆ ಓಡುತ್ತೇನೆ. ಹೊರಡುವುದಕ್ಕೆ ಕಾಲು ಗಂಟೆ ಮೊದಲು ನೀಲಿ ಪಂಪನ್ನು ಎರಡು ಸಲ ಒತ್ತಿ ಎಳೆದುಕೊಳ್ಳಬೇಕು. ಆಮೇಲೆ ನಾಲ್ಕು ಹೆಜ್ಜೆ ಜೋರಾಗಿ ಓಡುವುದು, ನಿಲ್ಲುವುದು, ಮತ್ತೆ ಓಡುವುದು. ನೋಡಿದವರಿಗೆ ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಕಾಣುತ್ತದೆ. ಇದಕ್ಕೊಂದು ಕಾರಣವಿದೆ. ಬಾಯಿ ತೆರೆದು ಏದುಸಿರು ಬಿಡುವಾಗ ತಣ್ಣನೆಯ ಒಣಗಾಳಿ ಶ್ವಾಸನಾಳದ ತೇವವನ್ನು ಹೀರುತ್ತದೆ, ಒಳಗೋಡೆ ಕೆರಳಿ ನಾಳ ಬಿಗಿಯುತ್ತದೆ. ಹೆಚ್ಚಿನ ಸಲ ಓಡುವಾಗಲ್ಲ, ಓಟ ನಿಲ್ಲಿಸಿ ಐದು ಹತ್ತು ನಿಮಿಷವಾದ ಮೇಲೆ. ಅಂದರೆ ಗೆದ್ದೆ ಅಂದುಕೊಂಡು ಕಲ್ಲುಬೆಂಚಿನ ಮೇಲೆ ಕೂತಾಗ. ಮೊದಲೇ ಸ್ವಲ್ಪ ಕೆಣಕಿಬಿಟ್ಟರೆ, ಬೆಳಗ್ಗೆಯೇ ಜಗಳ ತೀರಿಸಿಕೊಂಡ ದಾಯಾದಿಯಂತೆ, ನನ್ನಂಥ ಎಷ್ಟೋ ಜನರಲ್ಲಿ ಅದು ಒಂದೆರಡು ಗಂಟೆ ತೆಪ್ಪಗಿರುತ್ತದೆ. ಎಲ್ಲರಿಗೂ ಹಾಗಾಗುವುದಿಲ್ಲ.

ಅಜ್ಜಯ್ಯನಿಗೆ ಪಂಪು ಎಲ್ಲಿತ್ತು? ಹಿತ್ತಲ ಗೊಬ್ಬರಗುಂಡಿಯ ಪಕ್ಕ ತಾನಾಗಿ ಹುಟ್ಟಿದ ಉಮ್ಮತ್ತದ ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿಮಾಡಿ, ಒಣ ಬಾಳೆಎಲೆಯ ಚೂರಿನಲ್ಲಿ ಸುತ್ತಿ ಸೇದುತ್ತಿದ್ದರು. ಎರಡು ದಮ್ಮು ಎಳೆದರೆ ಎದೆಯೊಳಗಿನ ಸಿಳ್ಳೆ ಇಳಿಯುತ್ತಿತ್ತು. ಆ ಎಲೆಯಲ್ಲಿರುವ ಅಟ್ರೋಪಿನ್ ನಾಳದ ಬಿಗಿತವನ್ನು ಸಡಿಲಿಸುತ್ತದೆ. ಅಳತೆ ಮೀರಿದರೆ ಬುದ್ಧಿಯನ್ನೂ ಸಡಿಲಿಸುತ್ತದೆ. ಒಂದು ಆಷಾಢದ ರಾತ್ರಿ ಮಳೆ ಬಿಡದೆ ಹೊಯ್ಯುತ್ತಿತ್ತು, ಉಬ್ಬಸವೂ ಬಿಡಲಿಲ್ಲ. ಅಜ್ಜಯ್ಯ ಬೀಡಿಯ ಮೇಲೆ ಬೀಡಿ ಹಚ್ಚಿದರು. ನಡುರಾತ್ರಿ ಕೊಟ್ಟಿಗೆಯಲ್ಲಿ ಮಾತು ಕೇಳಿ ಅಜ್ಜಿ ಲಾಟೀನು ಹಿಡಿದು ಹೋದರೆ, ಎಂದೋ ಮಾರಿಹೋಗಿದ್ದ ಎತ್ತಿಗೆ ಇವರು ಲೆಕ್ಕ ಒಪ್ಪಿಸುತ್ತಿದ್ದಾರೆ! “ನಿನ್ನ ಮಾರಿದ್ದು ನಾನಲ್ಲ ಮಾರಾಯ, ನನ್ನ ತಮ್ಮ. ದುಡ್ಡೂ ಅವನ ಹತ್ರವೇ ಉಂಟು.” ಇಲ್ಲದ ಎತ್ತು ಏನೋ ತಕರಾರು ಎತ್ತಿರಬೇಕು, ಅಜ್ಜಯ್ಯ ಸಿಟ್ಟಾಗಿ ಬಡ್ಡಿ ಸಮೇತ ವಿವರಿಸಿದರಂತೆ. ಮರುದಿನ ಕಣ್ಣಿನ ಪಾಪೆ ಅರಳಿಕೊಂಡು ಪಂಚಾಂಗದ ಅಕ್ಷರ ಕಾಣಲಿಲ್ಲ, ಬಿಸಿಲು ನೋಡಲಾಗಲಿಲ್ಲ. “ಉಸಿರೇನೋ ಬಂತು, ತಲೆ ಹೋಯ್ತಲ್ಲ” ಎಂದು ಅಜ್ಜಿ ಆ ಗಿಡವನ್ನೇ ಕಿತ್ತೆಸೆದರು. ಮಾರಿದ ದುಡ್ಡಿನ ವಿಷಯ ಮಾತ್ರ ಚಿಕ್ಕಜ್ಜಯ್ಯನ ಕಿವಿಗೆ ಬಿದ್ದು, ಎರಡು ಮನೆಗಳ ನಡುವೆ ಮಾತು ನಿಂತು, ನನ್ನ ಅಪ್ಪನ ಮದುವೆಯವರೆಗೂ ಹಾಗೇ ಇತ್ತು.

ಹೀಗಿದ್ದೂ ಆ ಬೀಡಿಯ ಬಗ್ಗೆ ನನಗೊಂದು ಜಂಬ. ಉಬ್ಬಸಕ್ಕೆ ಉಮ್ಮತ್ತ ಸೇದುವ ನಮ್ಮ ಕಡೆಯ ಪದ್ಧತಿಯನ್ನು ಮದ್ರಾಸಿನ ವೈದ್ಯ ಜೇಮ್ಸ್ ಆಂಡರ್ಸನ್ ಕಂಡುಕೊಂಡ. ಅವನಿಂದ ಕಲಿತ ಜನರಲ್ ಜೆಂಟ್ ಎಂಬ ಸೇನಾಧಿಕಾರಿ 1802ರಲ್ಲಿ ಅದನ್ನು ಬ್ರಿಟನ್ನಿಗೆ ಒಯ್ದ. ಮುಂದೆ ನೂರು ವರ್ಷಕ್ಕೂ ಮಿಕ್ಕಿ ಯುರೋಪಿನ ಔಷಧದಂಗಡಿಗಳಲ್ಲಿ ಉಬ್ಬಸದ ಸಿಗರೇಟು ಮಾರಾಟವಾಯಿತು. ಪ್ಯಾರಿಸ್ಸಿನಲ್ಲಿ ಗೋಡೆಗೆಲ್ಲ ಬೆಂಡು ಹೊದಿಸಿದ ಕೋಣೆಯಲ್ಲಿ ಮಲಗಿ ಬರೆಯುತ್ತಿದ್ದ ಮಾರ್ಸೆಲ್ ಪ್ರೂಸ್ಟ್ ಕೂಡ ಇಂಥ ಹೊಗೆಯನ್ನೇ ನೆಚ್ಚಿಕೊಂಡಿದ್ದವನು. ಅವನು ಏಳು ಸಂಪುಟದ ಕಾದಂಬರಿ ಬರೆದ, ಅಜ್ಜಯ್ಯ ಎತ್ತಿಗೆ ಲೆಕ್ಕ ಕೊಟ್ಟರು. ಕಳೆದುಹೋದದ್ದನ್ನು ಹುಡುಕುತ್ತಿದ್ದವರೇ ಇಬ್ಬರೂ.

ನನ್ನ ನೀಲಿ ಪಂಪಿನ ಕುಲ ಬೇರೆ. ಅಮೆರಿಕದ ರೈಕರ್ ಎಂಬ ಔಷಧ ಕಂಪನಿಯ ಮುಖ್ಯಸ್ಥನ ಮಗಳು, ಉಬ್ಬಸದ ಹುಡುಗಿ, ಹದಿಮೂರರ ಪ್ರಾಯದಲ್ಲಿ, ‘ಕೂದಲಿಗೆ ಸಿಂಪಡಿಸುವ ಡಬ್ಬಿಯ ಹಾಗೆ ನನ್ನ ಔಷಧಿಯೂ ಯಾಕೆ ಬರಬಾರದು’ ಎಂದು ಅಪ್ಪನನ್ನು ಕೇಳಿದಳಂತೆ. 1956ರಲ್ಲಿ ಡಬ್ಬಿ ಬಂತು. ಈಗ ಅದರಲ್ಲಿರುವ ಸಾಲ್ಬುಟಮಾಲ್ ಬಂದದ್ದು 1969ರಲ್ಲಿ. ಆದರೆ ಒಂದು ಚಳಿಗಾಲ ಡಾಕ್ಟರು ಜೊತೆಗೆ ಇನ್ನೊಂದು ಪಂಪು ಬರೆದುಕೊಟ್ಟರು: ಇಪ್ರಟ್ರೋಪಿಯಂ. ಅದು ಅಟ್ರೋಪಿನ್ನಿನಿಂದಲೇ ರೂಪಿಸಿದ್ದು, ಮೆದುಳಿಗೆ ಏರದ ಹಾಗೆ ತಿದ್ದಿದ್ದು. ಅಜ್ಜಿ ಕಿತ್ತೆಸೆದ ಗಿಡ ಸಂಭಾವಿತನಾಗಿ ಮನೆಗೆ ಮರಳಿತ್ತು.

ಕೆರೆಯ ಹತ್ತಿರ ಮೊನ್ನೆ ಒಬ್ಬ ಹುಡುಗ, ಮೈಗಂಟಿದ ಬನಿಯನ್ನು, ಕೈಯಲ್ಲಿ ಹೆಜ್ಜೆ ಎಣಿಸುವ ಗಡಿಯಾರ, ನನ್ನ ಪಂಪು ನೋಡಿ, “ಅಂಕಲ್, ಅದು ಸ್ಟೀರಾಯ್ಡಾ?” ಅಂದ. ಅಲ್ಲಪ್ಪ, ಸ್ಟೀರಾಯ್ಡಿನದು ಬೇರೆ ಇದೆ, ಅದನ್ನು ಮನೆಯಲ್ಲೇ ತಗೊಂಡು ಬರುತ್ತೇನೆ ಅಂದೆ. ಉದ್ದೀಪನ ಮದ್ದು ತಡೆಯುವ ವಾಡಾದವರೂ ಇದನ್ನು ದಿನಕ್ಕೆ 1600 ಮೈಕ್ರೋಗ್ರಾಂವರೆಗೆ, ಅಂದರೆ 16 ಪಫ್, ಒಪ್ಪುತ್ತಾರೆ, ಒಟ್ಟಿಗೇ ಎಳೆಯದಿದ್ದರೆ ಸರಿ ಅಂದೆ. ಉಬ್ಬಸವಿದ್ದೂ ಪೌಲಾ ರ್‍ಯಾಡ್‌ಕ್ಲಿಫ್ 2003ರಲ್ಲಿ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದ್ದನ್ನೂ ಸೇರಿಸಿದೆ.

“ಹಾಗಾದ್ರೆ ನನಗೂ ಒಂದು ಪಫ್ ಕೊಡಿ.”

“ಇದು ಗಟ್ಟಿ ಎದೆಯವರಿಗೆ ಪ್ರಯೋಜನ ಇಲ್ಲ. ಇದಕ್ಕೆ ಮನೆತನ ಬೇಕು” ಅಂದೆ. ಅಷ್ಟು ಹೊತ್ತಿಗೆ ಅವನು ಇನ್ನೊಂದು ಸುತ್ತಿಗೆ ಹೊರಟುಹೋಗಿದ್ದ. ನನ್ನದು ಮೊದಲನೆಯದೇ ಅರ್ಧ ಬಾಕಿಯಿತ್ತು.